ಜೇನುಪೆಟ್ಟಿಗೆಯ ನುಸಿಗೆ ಯಾವ ಮದ್ದು? ಓಮವೋ, ಗಂಧಕವೋ, ಆಸಿಡ್ಡೋ, ಬರೀ ಚಾಕು ಸಾಕೋ

ಪ್ರತಿ ವರ್ಷ ನವರಾತ್ರಿ ಹೊತ್ತಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. ಮಳೆ ಹಿಂದೆ ಸರಿದಿರುತ್ತದೆ. ತೋಟದ ಅಂಚಿನ ಪೆಟ್ಟಿಗೆಗಳನ್ನು ನಾಲ್ಕು ತಿಂಗಳ ಮೇಲೆ ಈಗಷ್ಟೇ ನೆಟ್ಟಗೆ ಬಿಚ್ಚಿ ನೋಡಿರುತ್ತಾರೆ. ಅಡಿಮಣೆಯ ಮೇಲೆ ಸಾಸಿವೆಗಿಂತ ಚಿಕ್ಕ, ಕಂದು ಬಣ್ಣದ ಚುಕ್ಕೆಗಳು. "ನುಸಿ ಬಿದ್ದಿದೆ ಮಾರಾಯ. ಕೆಮಿಕಲ್ ಹಾಕೋಕೆ ಮನಸ್ಸಿಲ್ಲ. ಒಬ್ಬರು ಓಮ ಅಂತಾರೆ, ಒಬ್ಬರು ಗಂಧಕ ಅಂತಾರೆ, ಇನ್ನೊಬ್ಬರು ಆಸಿಡ್ ಇಡು ಅಂತಾರೆ. ಯಾವುದು ಒಳ್ಳೇದು?"

ನಾನು ಉತ್ತರ ಕೊಡುವ ಮುಂಚೆ ವಾಪಸ್ ಕೇಳುವುದು ಒಂದೇ: ನಮ್ಮ ನಾಡಿನ ತುಡುವೆ ಜೇನಾ, ಹೊರದೇಶದಿಂದ ಬಂದ ಮೆಲ್ಲಿಫೆರಾ ಜಾತಿಯಾ? ಅರ್ಧ ಉತ್ತರ ಅಲ್ಲೇ ಇದೆ. ಇನ್ನರ್ಧ ನಿಮ್ಮ ಪೆಟ್ಟಿಗೆ ಘಟ್ಟದ ಮೇಲಿದೆಯೋ ಕೆಳಗಿದೆಯೋ, ಈಗ ಯಾವ ತಿಂಗಳು ಅನ್ನುವುದರಲ್ಲಿದೆ. ಮದ್ದಿನ ಹೆಸರು ಆಮೇಲಿನ ಮಾತು.

ನನ್ನ ಅನುಭವ ಎಷ್ಟು ಅಂತ ಮೊದಲೇ ಹೇಳಿಬಿಡುತ್ತೇನೆ. ಶಿರಸಿ ಹತ್ತಿರ ಅಡಿಕೆ ತೋಟದಲ್ಲಿ ನನ್ನವು 14 ತುಡುವೆ ಪೆಟ್ಟಿಗೆ. ಅಂಕೋಲೆ ಕಡೆ ಭಾವನ ಮನೆ ಹಿತ್ತಿಲಲ್ಲಿ 10 ಮೆಲ್ಲಿಫೆರಾ. ಎರಡೂ ಕಡೆ ಕೈ ಹಾಕಿದ್ದೇನೆ, ಎರಡೂ ಕಡೆ ಕೈ ಸುಟ್ಟುಕೊಂಡಿದ್ದೇನೆ. ಒಂದು ಸಲ ನಿಜವಾಗಿಯೂ ಸುಟ್ಟಿದೆ, ಆ ಕಥೆ ಮುಂದೆ ಬರುತ್ತದೆ.

ಮೊದಲು, ಅದು ನುಸಿಯೇ ಹೌದಾ?

ನಮ್ಮಲ್ಲಿ ನೋಡಬೇಕಾದ ನುಸಿ ಎರಡು. ಒಂದು ವರೋವಾ. ಏಡಿಯ ಹಾಗೆ ಅಡ್ಡಗಲ, ಸುಮಾರು 1.6 ಮಿ.ಮೀ. ಅಗಲ, 1.1 ಮಿ.ಮೀ. ಉದ್ದ, ಕೆಂಪು ಕಂದು. ಜೇನುನೊಣದ ಹೊಟ್ಟೆಯ ಪದರಗಳ ನಡುವೆ ಉಣುಗು ಹತ್ತಿದ ಹಾಗೆ ಕಚ್ಚಿಕೊಂಡಿರುತ್ತದೆ. ಇದು ರಕ್ತ ಹೀರುತ್ತದೆ ಅಂತಲೇ ಬಹಳ ಕಾಲ ಎಲ್ಲರೂ ಅಂದುಕೊಂಡಿದ್ದರು. ಬೆಳೆದ ನೊಣದಲ್ಲಿ ಅದು ಮುಖ್ಯವಾಗಿ ತಿನ್ನುವುದು ಕೊಬ್ಬಿನ ಅಂಗವನ್ನು ಅಂತ ಸ್ಯಾಮ್ಯುಯೆಲ್ ರಾಮ್ಸೆ ಮತ್ತು ಜೊತೆಗಾರರು 2019ರಲ್ಲಿ ತೋರಿಸಿದರು. ನೊಣದ ರೋಗ ತಡೆಯುವ ಶಕ್ತಿಗೆ ಆ ಅಂಗ ಬಹಳ ಮುಖ್ಯ. ನುಸಿ ಹತ್ತಿದ ಕುಟುಂಬ ವೈರಸ್ಸಿಗೆ ಅಷ್ಟು ಬೇಗ ಬೀಳುವುದಕ್ಕೆ ಇದೂ ಒಂದು ಕಾರಣ. ಪೆಟ್ಟಿಗೆ ಬಾಗಿಲಲ್ಲಿ ರೆಕ್ಕೆ ಮುದುಡಿದ ನೊಣಗಳು ತೆವಳುತ್ತಿದ್ದರೆ ವರೋವಾದ ಮೇಲೆ ಅನುಮಾನ ಪಡಿ.

ಇನ್ನೊಂದು ಟ್ರೋಪಿಲೇಲ್ಯಾಪ್ಸ್. ಹೆಸರೇ ಬಾಯಲ್ಲಿ ತಿರುಗುವುದಿಲ್ಲ, ಭಾವ ಅದನ್ನು "ಓಡುನುಸಿ" ಅನ್ನುತ್ತಾನೆ. ಉದ್ದ ಮೈ, 1 ಮಿ.ಮೀ.ಗಿಂತ ಕಡಿಮೆ, ಎರಿಯ, ಅಂದರೆ ಕೋಶಗಳಿರುವ ಮೇಣದ ಹಲ್ಲೆಯ, ಮೇಲೆ ಸರಸರ ಓಡುತ್ತದೆ. ಇದರ ತವರು ಹೆಜ್ಜೇನು. ನಮ್ಮ ಬೆಟ್ಟದಲ್ಲಿ ಹೆಜ್ಜೇನಿಗೇನು ಬರ, ಅಲ್ವಾ? ಹಾಗಾಗಿ ಮೆಲ್ಲಿಫೆರಾ ಇಟ್ಟವರಿಗೆ ಇದು ತಪ್ಪಿದ್ದಲ್ಲ. ಇದಕ್ಕೊಂದು ದೊಡ್ಡ ದೌರ್ಬಲ್ಯ ಇದೆ. ಬೆಳೆದ ನೊಣದ ಮೈಯನ್ನು ಚುಚ್ಚಿ ತಿನ್ನಲು ಇದರ ಬಾಯಿಗೆ ಆಗುವುದಿಲ್ಲ. ಮರಿ ಇಲ್ಲದ ಪೆಟ್ಟಿಗೆಯಲ್ಲಿ ಕೆಲವೇ ದಿನದಲ್ಲಿ ಸಾಯುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ನುಸಿಯೇ ಅಲ್ಲದ್ದು. 1991-92ರಲ್ಲಿ ದಕ್ಷಿಣದ ತುಡುವೆ ಕುಟುಂಬಗಳನ್ನು ಸಾಲುಸಾಲಾಗಿ ಖಾಲಿ ಮಾಡಿದ್ದು ಥಾಯ್ ಸ್ಯಾಕ್‌ಬ್ರೂಡ್ ವೈರಸ್. ಆಗಿನ ಖಾಲಿ ಪೆಟ್ಟಿಗೆ ಈಗಲೂ ಎಷ್ಟೋ ಮನೆಯ ಅಟ್ಟದಲ್ಲಿವೆ. ಮರಿ ತಲೆ ಮೇಲೆತ್ತಿ, ದೋಣಿಯ ಹಾಗೆ ಬಾಗಿ ಸತ್ತಿದ್ದು, ಚಿಮಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲದಂತೆ ಬಂದರೆ ಅದು ಇದೇ. ಇದಕ್ಕೆ ಓಮವೂ ಇಲ್ಲ, ಆಸಿಡ್ಡೂ ಇಲ್ಲ. ನುಸಿಯ ಮದ್ದು ಹಾಕಿದರೆ ಸೋತ ಕುಟುಂಬ ಇನ್ನೂ ಸೋಲುತ್ತದೆ ಅಷ್ಟೆ.

ಎಣಿಸದೆ ಮದ್ದಿಲ್ಲ

ಮೆಲ್ಲಿಫೆರಾ ಇದ್ದರೆ ಸಕ್ಕರೆ ಕುಲುಕಿ ಎಣಿಸುವುದು ಸುಲಭ. ಅಗಲ ಬಾಯಿಯ ಉಪ್ಪಿನಕಾಯಿ ಬಾಟಲಿ ತಗೊಳ್ಳಿ. ಮುಚ್ಚಳದ ನಡುಭಾಗ ಕತ್ತರಿಸಿ ನೊಣ ದಾಟದ, ನುಸಿ ದಾಟುವ ಜಾಲರಿ ಕೂರಿಸಿ. ಮನೆಯ ಸಕ್ಕರೆಯನ್ನೇ ಮಿಕ್ಸಿಯಲ್ಲಿ ಬೀಸಿ ಮಲ್ಲು ಬಟ್ಟೆಯಲ್ಲಿ ಜಾಲಿಸಿ. ಅಂಗಡಿಯ ಐಸಿಂಗ್ ಸಕ್ಕರೆಯಲ್ಲಿ ಮೆಕ್ಕೆಜೋಳದ ಹಿಟ್ಟು ಬೆರೆತಿರುತ್ತದೆ, ಬೇಡ. ಮೊದಲು ರಾಣಿಯನ್ನು ಹುಡುಕಿ, ಅವಳಿರುವ ಚೌಕಟ್ಟನ್ನು ಬದಿಗಿಡಿ. ಇದನ್ನು ಮರೆತು ರಾಣಿಯನ್ನೇ ಬಾಟಲಿಗೆ ಹಾಕಿ ಕುಲುಕಿದವರ ಪಟ್ಟಿಯಲ್ಲಿ ನಾನೂ ಇದ್ದೇನೆ. ಮರಿ ಇರುವ ಎರಿಯಿಂದ ಅರ್ಧ ಕಪ್ ನೊಣ ಉದುರಿಸಿಕೊಂಡರೆ ಸುಮಾರು 300 ಆಗುತ್ತದೆ. ಎರಡು ದೊಡ್ಡ ಚಮಚ ಸಕ್ಕರೆ ಪುಡಿ ಹಾಕಿ ಮೆಲ್ಲಗೆ ಉರುಳಿಸಿ. ಒಂದೆರಡು ನಿಮಿಷ ನೆರಳಲ್ಲಿಟ್ಟು, ಬೋರಲು ಮಾಡಿ ಬಿಳಿ ತಟ್ಟೆಯ ಮೇಲೆ ಕುಲುಕಿ. ತಟ್ಟೆಗೆ ನೀರು ಹಾಕಿದರೆ ಸಕ್ಕರೆ ಕರಗುತ್ತದೆ, ನುಸಿ ಉಳಿಯುತ್ತದೆ. ನೊಣಗಳನ್ನು ವಾಪಸ್ ಪೆಟ್ಟಿಗೆಗೆ ಬಿಡಿ, ಬಿಳಿ ಬಿಳಿಯಾಗಿ ಸಿಟ್ಟಲ್ಲಿ ಹೋಗುತ್ತವೆ, ಒಳಗಿನವು ನೆಕ್ಕಿ ಸ್ವಚ್ಛ ಮಾಡುತ್ತವೆ.

300 ನೊಣಕ್ಕೆ ಒಂದೆರಡು ನುಸಿ ಸಿಕ್ಕರೆ ನಿದ್ದೆ ಮಾಡಬಹುದು. 9 ದಾಟಿದರೆ, ಅಂದರೆ 100ಕ್ಕೆ 3 ಆದರೆ, ಕೆಲಸ ಶುರು ಮಾಡಬೇಕು. ಮುಚ್ಚಿದ ಕೋಶದೊಳಗೆ ಇನ್ನೂ ಎಷ್ಟೋ ಇರುತ್ತವೆ. ಇನ್ನೊಂದು ಮಾತು, ಇದು ವರೋವಾದ ಲೆಕ್ಕ. ಓಡುನುಸಿ ನೊಣದ ಮೈಮೇಲೆ ಹೆಚ್ಚು ಹೊತ್ತು ಇರುವುದಿಲ್ಲ, ಬಾಟಲಿಗೆ ಸಿಕ್ಕುವುದು ಕಡಿಮೆ. ಅದಕ್ಕೆ ಮರಿಯ ಎರಿಯನ್ನೇ ನೋಡಬೇಕು.

ತುಡುವೆಗೆ ನಾನು ಬಾಟಲಿ ಮುಟ್ಟುವುದಿಲ್ಲ. ಗಂಡು ಕೋಶ ಬಿಚ್ಚುತ್ತೇನೆ. ತುಡುವೆಯ ಗಂಡು ಕೋಶ ಗೊತ್ತಲ್ಲ, ಎರಿಯ ಕೆಳ ಅಂಚಿನಲ್ಲಿ, ಮುಚ್ಚಳ ಗುಮ್ಮಟದ ಹಾಗೆ ಉಬ್ಬಿ, ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ಹೇರ್‌ಪಿನ್ನಿನಿಂದ ಮುಚ್ಚಳ ಎಬ್ಬಿಸಿ ಬಿಳಿ ಮರಿಯನ್ನು ಮೆಲ್ಲಗೆ ಹೊರಗೆಳೆದು ಅಡಿಕೆ ಹಾಳೆಯ ಮೇಲೆ ಮಲಗಿಸಿ. ಮರಿಯ ಮೈ ಹಾಲಿನ ಬಣ್ಣ, ಕಣ್ಣು ಮಾತ್ರ ನಸುಗೆಂಪು. ನುಸಿ ಇದ್ದರೆ ಹಾಲಿನಲ್ಲಿ ಬಿದ್ದ ಸಾಸಿವೆ ಹೊಟ್ಟಿನ ಹಾಗೆ ಎದ್ದು ಕಾಣುತ್ತದೆ. ಇಪ್ಪತ್ತು ಕೋಶ ಬಿಚ್ಚಿದರೆ ಸಾಕು. ಒಂದೆರಡರಲ್ಲಿ ಇದ್ದರೆ ಅದು ಊರಲ್ಲಿ ಸೊಳ್ಳೆ ಇದ್ದ ಹಾಗೆ.

ಯಾಕೆ ಅಷ್ಟು ನಿರಾಳ ಅಂದರೆ, ವರೋವಾವನ್ನು ಮೊದಲು ಗುರುತಿಸಿದ್ದೇ ತುಡುವೆಯ ಮೇಲೆ, 1904ರಲ್ಲಿ, ಜಾವಾ ದ್ವೀಪದಲ್ಲಿ. ಇಬ್ಬರದೂ ಹಳೆಯ ಜಗಳ, ಸಂಧಾನವೂ ಹಳೆಯದೇ. ತುಡುವೆಯಲ್ಲಿ ನುಸಿ ಮರಿ ಮಾಡುವುದು ಹೆಚ್ಚುಕಡಿಮೆ ಗಂಡು ಕೋಶದಲ್ಲಿ ಮಾತ್ರ. ಕೆಲಸದ ನೊಣಗಳು ಒಂದರ ಮೈಯನ್ನು ಒಂದು ಹೆಕ್ಕಿ ನುಸಿ ಕಿತ್ತೆಸೆಯುತ್ತವೆ, ಕೆಟ್ಟ ಮರಿಯನ್ನು ಹೊರಗೆ ಎಳೆಯುತ್ತವೆ. ನುಸಿ ತಿಂದು ಸೋತ ಗಂಡು ಮರಿಗೆ ಮುಚ್ಚಳ ಒಡೆಯಲು ಶಕ್ತಿ ಸಾಲದಿದ್ದರೆ ಅದು ಒಳಗೇ ಸಾಯುತ್ತದೆ, ಜೊತೆಗೆ ನುಸಿಯೂ ಸಮಾಧಿ. ಮೆಲ್ಲಿಫೆರಾಕ್ಕೆ ಈ ವಿದ್ಯೆ ಬಾರದು. ಅಲ್ಲಿ ನುಸಿ ಕೆಲಸದ ನೊಣದ ಕೋಶದಲ್ಲೂ ಮರಿ ಮಾಡುತ್ತದೆ, ಬಿಟ್ಟರೆ ಕುಟುಂಬವೇ ಹೋಗುತ್ತದೆ.

ಯಾವ ತಕ್ಕಡಿಯಲ್ಲಿ ತೂಗಬೇಕು

ನಾನು ಪ್ರತಿ ಮದ್ದಿಗೂ ಕೇಳುವುದು ಐದು ಪ್ರಶ್ನೆ. ಮುಚ್ಚಿದ ಕೋಶದೊಳಗಿನ ನುಸಿಗೆ ತಟ್ಟುತ್ತದಾ, ಬರೀ ಹೊರಗಿರುವುದಕ್ಕಾ? ನಮ್ಮ ಸೆಕೆಗೆ ಅದು ನೊಣವನ್ನೇ ಸುಡುತ್ತದಾ? ಜೇನಿನಲ್ಲಿ ವಾಸನೆಯೋ ಅಂಶವೋ ಉಳಿಯುತ್ತದಾ? ನೊಣ ಸಿಟ್ಟಾಗಿ ಪೆಟ್ಟಿಗೆ ಬಿಟ್ಟು ಏಳುತ್ತದಾ? ಈ ಪ್ರಶ್ನೆ ತುಡುವೆಗೆ ಎಲ್ಲಕ್ಕಿಂತ ದೊಡ್ಡದು. ಕೊನೆಯದಾಗಿ, ನನಗೆ ಎಷ್ಟು ಹೊತ್ತು, ಎಷ್ಟು ಅಪಾಯ, ಎಷ್ಟು ದುಡ್ಡು?

"ನೈಸರ್ಗಿಕವಾ?" ಅನ್ನುವ ಪ್ರಶ್ನೆ ಪಟ್ಟಿಯಲ್ಲಿ ಇಲ್ಲ ಅಂತ ಗಮನಿಸಿರಬಹುದು. ಫಾರ್ಮಿಕ್ ಆಸಿಡ್ ಚಗಳಿ ಇರುವೆಯ ಮೈಯಲ್ಲೇ ಇದೆ, ಚಗಳಿ ಚಟ್ನಿಯ ಹುಳಿ ಅದೇ. ಕೆಸುವಿನ ಸೊಪ್ಪು ಸರಿ ಬೇಯದಿದ್ದರೆ ಗಂಟಲು ತುರಿಸುವುದು ಆಕ್ಸಾಲಿಕ್ ಆಸಿಡ್ಡಿನ ಸುಣ್ಣದ ಹರಳಿನಿಂದ. ಓಮದ ಘಾಟಿನ ಸಾರವೇ ಥೈಮಾಲ್. ಯುರೋಪಿನ ಸಾವಯವ ಜೇನಿನ ನಿಯಮದಲ್ಲೂ ವರೋವಾಕ್ಕೆ ಈ ಮೂರೂ ನಡೆಯುತ್ತವೆ. ನೈಸರ್ಗಿಕ ಅಂದಾಕ್ಷಣ ಸಾಧು ಅಂತ ಅಲ್ಲ. ನಾಗರಹಾವೂ ನೈಸರ್ಗಿಕವೇ.

ಚಾಕು ಮತ್ತು ಪಾಲು

ಖರ್ಚಿಲ್ಲದ್ದು, ವಾಸನೆ ಇಲ್ಲದ್ದು, ನನಗೆ ಅತಿ ಇಷ್ಟದ್ದು ಗಂಡು ಎರಿ ಕತ್ತರಿಸುವುದು. ನುಸಿಗೆ ಗಂಡು ಕೋಶ ಇಷ್ಟ. ಅಲ್ಲಿ ಸೇರಿಕೊಂಡು ಮುಚ್ಚಳ ಬಿದ್ದ ಮೇಲೆ ಆ ತುಂಡನ್ನೇ ಕತ್ತರಿಸಿ ತೆಗೆದರೆ ಬಲೆ ಎತ್ತಿದ ಹಾಗೆ. ತುಡುವೆಯಲ್ಲಿ ನುಸಿಯ ಹೆರಿಗೆಮನೆಯೇ ಅದಾದ್ದರಿಂದ ಇದೊಂದೇ ಸಾಕಾಗುತ್ತದೆ. ಮೆಲ್ಲಿಫೆರಾದಲ್ಲಿ ನುಸಿಯನ್ನು ಕಡಿಮೆ ಮಾಡುತ್ತದೆ, ಮುಗಿಸುವುದಿಲ್ಲ. ಒಂದು ಚೌಕಟ್ಟಿನ ಕೆಳ ಅರ್ಧ ಖಾಲಿ ಬಿಡಿ, ನೊಣಗಳೇ ಅಲ್ಲಿ ಗಂಡು ಎರಿ ಕಟ್ಟುತ್ತವೆ. ಮೊಟ್ಟೆಯಿಟ್ಟು 24 ದಿನಕ್ಕೆ ಗಂಡುನೊಣ ಹೊರಬರುತ್ತದೆ. ಅದಕ್ಕೆ ಮುಂಚೆ, ಮೂರನೇ ವಾರದ ಕೊನೆಗೆ ಕತ್ತರಿಸಬೇಕು. ಮದುವೆ ಮನೆ, ಅಡಿಕೆ ಕೊಯ್ಲು ಅಂತ ಒಂದು ವಾರ ಮರೆತರೆ ನೀವೇ ಕೂತು ನುಸಿ ಸಾಕಿದ ಹಾಗೆ. ಕತ್ತರಿಸಿದ ತುಂಡನ್ನು ಕೋಳಿಗೆ ಹಾಕಿ, ಜಗಳ ಮಾಡಿಕೊಂಡು ತಿನ್ನುತ್ತವೆ. ಪೆಟ್ಟಿಗೆ ಹತ್ತಿರ ಮಾತ್ರ ಎಸೆಯಬೇಡಿ.

ಇದರ ಬೆಲೆಯೂ ಇದೆ. ಕುಟುಂಬ ಒಡೆದು ಪಾಲಾಗುವ ಕಾಲದಲ್ಲಿ ಎಲ್ಲ ಪೆಟ್ಟಿಗೆಯ ಗಂಡು ಎರಿಯನ್ನೂ ಕತ್ತರಿಸಿದರೆ ಹೊಸ ರಾಣಿಗೆ ಗಂಡು ಎಲ್ಲಿಂದ? ಒಳ್ಳೆ ಜೇನು ಕೊಡುವ ಎರಡು ಪೆಟ್ಟಿಗೆಯನ್ನು ನಾನು ಮುಟ್ಟದೆ ಬಿಡುತ್ತೇನೆ.

ಪಾಲು ಮಾಡುವುದೂ ಮದ್ದೇ ಅಂತ ಬಹಳ ಜನರಿಗೆ ಗೊತ್ತಿಲ್ಲ. ದೀಪಾವಳಿ ಕಳೆದ ಮೇಲೆ ಕುಟುಂಬ ತುಂಬಿದಾಗ ಎರಡು ಮಾಡುತ್ತೇವಲ್ಲ, ರಾಣಿ ಇಲ್ಲದ ಪಾಲಿನಲ್ಲಿ ಹೊಸ ರಾಣಿ ಕೋಶದಿಂದ ಹೊರಬಂದು, ಹಾರಿ, ಗಂಡು ಕೂಡಿ, ಮೊಟ್ಟೆಯಿಡುವ ಹೊತ್ತಿಗೆ ಮೂರೂವರೆ ವಾರ ಆಗುತ್ತದೆ. ಅಷ್ಟರಲ್ಲಿ ಹಳೆಯ ಮರಿಯೆಲ್ಲ ನೊಣವಾಗಿ ಹೊರಬಂದಿರುತ್ತದೆ. ನುಸಿಗೆ ಮರಿ ಮಾಡಲು ಜಾಗವೇ ಇಲ್ಲ. ಓಡುನುಸಿಯಂತೂ ಉಪವಾಸ ಬಿದ್ದು ಸಾಯುತ್ತದೆ. ಮೆಲ್ಲಿಫೆರಾದಲ್ಲಿ ಪಾಲು ಬೇಡ ಅಂದರೆ ರಾಣಿಯನ್ನು ಜಾಲರಿ ಪಂಜರದಲ್ಲಿ 24 ದಿನ ಕೂಡಿಟ್ಟರೂ ಇದೇ ಫಲ. ತುಡುವೆಗೆ ಪಂಜರದ ಉಪಾಯ ಬೇಡ, ಅವು ಸುಮ್ನೆ ಇರುವ ಜಾತಿಯಲ್ಲ. ಒಟ್ಟಿನಲ್ಲಿ ನಷ್ಟ ಅಂದರೆ ಮೂರು ವಾರದ ನೊಣದ ಸಂಖ್ಯೆ. ಜೇನು ಬರುವ ಫೆಬ್ರವರಿಗೆ ತೀರಾ ಹತ್ತಿರ ಇದನ್ನು ಮಾಡಿದರೆ ಆ ವರ್ಷದ ಜೇನು ಕಡಿಮೆಯಾಗುತ್ತದೆ.

ಸಕ್ಕರೆ ಪುಡಿ, ಗಂಧಕ

ಸಕ್ಕರೆ ಪುಡಿ ಉದುರಿಸಿದರೆ ನುಸಿಯ ಕಾಲು ಜಾರುತ್ತದೆ, ನೊಣ ಮೈ ತಿಕ್ಕಿಕೊಳ್ಳುತ್ತದೆ, ಕೆಲವು ನುಸಿ ಬೀಳುತ್ತವೆ. ಅಡಿಮಣೆಗೆ ಜಾಲರಿ ಇಲ್ಲದಿದ್ದರೆ ಬಿದ್ದದ್ದು ಮತ್ತೆ ಹತ್ತುತ್ತದೆ. ಕೋಶದೊಳಗಿನದಕ್ಕೆ ಏನೂ ಆಗುವುದಿಲ್ಲ. ಮಳೆಗಾಲದ ಥಂಡಿಯಲ್ಲಿ ಸಕ್ಕರೆ ಗಂಟು ಕಟ್ಟುತ್ತದೆ, ಇರುವೆ ಬರುತ್ತದೆ. ಎಣಿಸುವುದಕ್ಕೆ ಚೆನ್ನ, ಮದ್ದಾಗಿ ಸಪ್ಪೆ. ಮರಿ ಇಲ್ಲದ ಪಾಲಿನ ಪೆಟ್ಟಿಗೆಯಲ್ಲಿ ಮಾತ್ರ ಸ್ವಲ್ಪ ಕೆಲಸಕ್ಕೆ ಬರುತ್ತದೆ.

ಗಂಧಕದ ಪುಡಿ ನಮ್ಮ ದೇಶದ ಹಳೆಯ ಕ್ರಮ, ಓಡುನುಸಿಗೆ ಹೆಚ್ಚು. ಚೌಕಟ್ಟಿನ ಮೇಲಿನ ಪಟ್ಟಿಯ ಮೇಲೆ, ಒಂದು ಚೌಕಟ್ಟಿಗೆ 200 ಮಿಲಿಗ್ರಾಂ, ಅಂದರೆ ಎರಡು ಬೆರಳಲ್ಲಿ ಹಿಡಿದ ಸಣ್ಣ ಚಿಟಿಕೆ, ವಾರ ಹತ್ತು ದಿನಕ್ಕೊಮ್ಮೆ. ಅಗ್ಗ, ಕೈ ಸುಡುವುದಿಲ್ಲ. ಆದರೆ ತೆರೆದ ಮರಿಯ ಮೇಲೆ ಬಿದ್ದರೆ ಮರಿ ಸಾಯುತ್ತದೆ. "ಚಿಟಿಕೆ ಅಂದರೆ ಎಷ್ಟು" ಅನ್ನುವುದರಲ್ಲೇ ಎಲ್ಲರೂ ತಪ್ಪುವುದು, ಮೈಲುತುತ್ತ ಅಳೆಯುವ ಕೈಗೆ 200 ಮಿಲಿಗ್ರಾಂ ಕಾಣುವುದೇ ಇಲ್ಲ. ಜೇನು ತುಂಬುವ ಮೇಲಿನ ಕೋಣೆ ಇಟ್ಟಿರುವಾಗ ಬೇಡವೇ ಬೇಡ. ಮತ್ತೊಂದು ಗೊಂದಲ ಬಿಡಿಸಿಬಿಡುತ್ತೇನೆ. ಗಂಧಕ ಸುಟ್ಟು ಹೊಗೆ ಹಾಕುವುದು ತೆಗೆದಿಟ್ಟ ಖಾಲಿ ಎರಿಗೆ, ಮೇಣದ ಹುಳುವಿಗಾಗಿ. ನೊಣ ಇರುವ ಪೆಟ್ಟಿಗೆಗೆ ಆ ಹೊಗೆ ಹಾಕಿದರೆ ಗೋರಿ ಕಟ್ಟಿದ ಹಾಗೆ.

ಓಮ: ಲೆಕ್ಕ ಹಾಕಿ ನೋಡಿ

ಓಮದ ಗಂಟು ಕಟ್ಟಿ ಪೆಟ್ಟಿಗೆಯೊಳಗೆ ಇಡುವ ಕ್ರಮಕ್ಕೆ ನಮ್ಮ ಕಡೆ ಅಭಿಮಾನಿಗಳು ಜಾಸ್ತಿ. ಅಜ್ಜಿ ಮದ್ದು ಅನ್ನುವ ಪ್ರೀತಿ. ಲೆಕ್ಕ ನೋಡೋಣ. ಓಮದಲ್ಲಿ ಎಣ್ಣೆ ನೂರಕ್ಕೆ 2ರಿಂದ 4 ಭಾಗ. ಆ ಎಣ್ಣೆಯಲ್ಲಿ ಥೈಮಾಲ್ ಅರ್ಧದ ಆಸುಪಾಸು. 50 ಗ್ರಾಂ ಓಮದ ಗಂಟು ಕಟ್ಟಿದರೆ ಒಳಗಿರುವ ಥೈಮಾಲ್ ಬಹಳ ಅಂದರೆ ಒಂದು ಗ್ರಾಂ. ಅದೂ ಕಾಳಿನೊಳಗೆ ಸಿಕ್ಕಿಕೊಂಡದ್ದು. ಹೊರದೇಶದಲ್ಲಿ ಮೆಲ್ಲಿಫೆರಾಕ್ಕೆ ಮಾರುವ ಥೈಮಾಲ್ ಜೆಲ್‌ನ ಒಂದು ತಟ್ಟೆಯಲ್ಲಿ 12.5 ಗ್ರಾಂ ಇರುತ್ತದೆ, ಎರಡು ವಾರ ಬಿಟ್ಟು ಇನ್ನೊಂದು ತಟ್ಟೆ ಇಡುತ್ತಾರೆ. ಓಮದ ಗಂಟಿನಿಂದ ನುಸಿಗೆ ಏನೂ ಆಗುವುದಿಲ್ಲ, ಮುಚ್ಚಳ ತೆಗೆದಾಗ ನಮಗೆ ಸಮಾಧಾನ ಆಗುತ್ತದೆ.

ಹಾಗಾದರೆ ಥೈಮಾಲ್ ಹರಳನ್ನೇ ತರುವುದಾ? ಮೆಲ್ಲಿಫೆರಾಕ್ಕೆ ಹೌದು, ಒಳ್ಳೆಯ ಆಯ್ಕೆ. ಕೈ ಸುಡುವ ಭಯ ಕಡಿಮೆ, ಇಟ್ಟು ಬಂದರೆ ತಾನೇ ಆವಿಯಾಗುತ್ತದೆ. 15ರಿಂದ 30 ಡಿಗ್ರಿ ಉಷ್ಣತೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಕೋಶದೊಳಗೆ ಹೆಚ್ಚು ಹೋಗುವುದಿಲ್ಲ, ಅದಕ್ಕೇ ನಾಲ್ಕಾರು ವಾರ ಇಡಬೇಕು. ದುಡ್ಡು ಮಾತ್ರ ಎಲ್ಲಕ್ಕಿಂತ ಹೆಚ್ಚು. ಜೇನಿಗೆ ವಾಸನೆ ಹತ್ತಿದರೆ ಹೋಗುವುದಿಲ್ಲ, ಗಿರಾಕಿ "ಇದೇನು ಕಷಾಯದ ಜೇನಾ?" ಅಂತ ಕೇಳುತ್ತಾರೆ.

ತುಡುವೆಗೆ? ನನ್ನ ಕಥೆ ಕೇಳಿ. ಶುರುವಿನ ವರ್ಷಗಳಲ್ಲಿ, ಒಂದು ಬಲವಾದ ಪೆಟ್ಟಿಗೆಗೆ ಸಂಜೆ ನಾಲ್ಕು ಹರಳು ಇಟ್ಟು ಬಂದೆ. ಮರುದಿನ ಹನ್ನೊಂದು ಗಂಟೆಗೆ ಆಸರಿ ಕುಡಿದು ತೋಟಕ್ಕೆ ಇಳಿಯುವಾಗ ತಲೆ ಮೇಲೆ ಗುಂಯ್ ಅಂತ ಮೋಡದ ಹಾಗೆ ಹಾರುತ್ತಿತ್ತು. ಮಣ್ಣು ತೂರಿದೆ, ನೀರು ಎರಚಿದೆ. ಬೆಟ್ಟದ ಕಡೆ ಹೋದದ್ದು ಹೋಯಿತು. ಪೆಟ್ಟಿಗೆ ತೆಗೆದರೆ ಮೂರು ಎರಿ ಮರಿ, ಅರ್ಧ ಎರಿ ಜೇನು, ಗಮಗಮ ಓಮದ ವಾಸನೆ. ಆ ಪೆಟ್ಟಿಗೆಯ ಗಂಡು ಕೋಶವನ್ನು ಆಮೇಲೆ ಬಿಚ್ಚಿ ನೋಡಿದೆ. ಒಂದು ನುಸಿಯೂ ಇರಲಿಲ್ಲ.

ಫಾರ್ಮಿಕ್ ಆಸಿಡ್

ಈ ಪಟ್ಟಿಯಲ್ಲಿ ಮುಚ್ಚಿದ ಕೋಶದೊಳಗೂ ನುಗ್ಗಿ ನುಸಿ ಕೊಲ್ಲುವ ಆವಿ ಇದೊಂದೇ. ಅದಕ್ಕೇ ಇದರ ಮರ್ಯಾದೆ ಬೇರೆ. ರಬ್ಬರ್ ಹಾಲು ಹೆಪ್ಪುಗಟ್ಟಿಸುವುದೂ ಇದರಿಂದಲೇ, ಹಾಗಾಗಿ ರಬ್ಬರ್ ಸಾಮಾನು ಮಾರುವಲ್ಲಿ ಸಿಗುತ್ತದೆ, ದುಬಾರಿಯಲ್ಲ. ಉತ್ತರದ ಮೆಲ್ಲಿಫೆರಾ ಸಾಕಣೆಯಲ್ಲಿ ರೂಢಿಯಾದ ಕ್ರಮ ಹೀಗೆ: 85 ಪರ್ಸೆಂಟಿನ ಆಸಿಡ್ 5 ಮಿ.ಲೀ. ಸಣ್ಣ ಬಾಟಲಿಯಲ್ಲಿ, ಹತ್ತಿಯ ಬತ್ತಿ ಇಟ್ಟು, ಅಡಿಮಣೆಯ ಮೇಲೆ. ದಿನಾ ತುಂಬಿಸುತ್ತ ಸುಮಾರು ಎರಡು ವಾರ.

ತೊಡಕು ಸೆಕೆಯದ್ದು. 30 ಡಿಗ್ರಿ ದಾಟಿದರೆ ಆವಿ ಒಮ್ಮೆಲೇ ಏಳುತ್ತದೆ, ಮರಿ ಸಾಯುತ್ತದೆ, ರಾಣಿಯೂ ಹೋಗಬಹುದು. ಕಾರವಾರದಿಂದ ಭಟ್ಕಳದವರೆಗೆ ನಮ್ಮ ಕರಾವಳಿಯಲ್ಲಿ ಹಗಲು 30ರ ಕೆಳಗೆ ಇಳಿಯುವುದು ಮಳೆಗಾಲದಲ್ಲಿ ಮಾತ್ರ. ಡಿಸೆಂಬರಿನಲ್ಲೂ ಮಧ್ಯಾಹ್ನ ಬೆವರು ಇಳಿಯುತ್ತದೆ. ಭಾವ ಮತ್ತು ನಾನು ಒಂದು ಏಪ್ರಿಲ್‌ನಲ್ಲಿ ಅವಸರ ಮಾಡಿ ಇಟ್ಟೆವು. ಎರಡು ಪೆಟ್ಟಿಗೆಯ ರಾಣಿ ಹೋದಳು. ಅದೇ ದಿನ ಜಗಲಿಯಲ್ಲಿ ಕ್ಯಾನಿನಿಂದ ಬಾಟಲಿಗೆ ಬಗ್ಗಿಸುವಾಗ ನನ್ನ ಮಣಿಕಟ್ಟಿನ ಮೇಲೆ ಎರಡು ಹನಿ ಬಿತ್ತು. ಅಕ್ಕ ಕೊಡಪಾನಗಟ್ಟಲೆ ನೀರು ಹೊಯ್ದಳು, ಆದರೂ ಗುಳ್ಳೆ ಎದ್ದು ಕಲೆ ಉಳಿದಿದೆ. "ಕೈಗವಸು ಎಲ್ಲೋ?" ಅಂತ ಕೇಳಿದಳು. ಜೇಬಿನಲ್ಲಿತ್ತು. ಗವಸು, ಕನ್ನಡಕ, ಪಕ್ಕದಲ್ಲಿ ಬಕೆಟ್ ನೀರು, ಗಾಳಿಗೆ ಬೆನ್ನು. ಇದಿಲ್ಲದೆ ಮುಚ್ಚಳ ತೆಗೆಯಬೇಡಿ. ತೆಳು ಮಾಡುವುದಿದ್ದರೆ ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ತರಲೇಬೇಡಿ ಅಂತ ನನ್ನ ಮಾತು.

ಆಕ್ಸಾಲಿಕ್ ಆಸಿಡ್

ಪಾಕದಲ್ಲಿ ಕರಗಿಸಿ ಎರಿಗಳ ಸಂದಿಗೆ ಹನಿಸುವುದು. ಸಕ್ಕರೆ ನೀರು ಸಮಸಮ ಮಾಡಿದ ಒಂದು ಲೀಟರ್ ಪಾಕಕ್ಕೆ 35 ಗ್ರಾಂ ಹರಳು, ಮೆಲ್ಲಿಫೆರಾಕ್ಕೆ ನೊಣ ತುಂಬಿದ ಒಂದು ಸಂದಿಗೆ 5 ಮಿ.ಲೀ. ಸಿರಿಂಜಿನಲ್ಲಿ ಅಳೆದು. ಅಗ್ಗ, ಹತ್ತು ನಿಮಿಷದ ಕೆಲಸ. ನೊಣದ ಮೈಮೇಲಿನ ವರೋವಾಕ್ಕೆ ಬಹಳ ಚುರುಕು. ಮುಚ್ಚಿದ ಕೋಶಕ್ಕೆ ಮಾತ್ರ ಏನೇನೂ ಇಲ್ಲ. ಚಳಿದೇಶದವರು ಇದನ್ನು ಹೊಗಳುವುದು ಅಲ್ಲಿ ಹಿಮ ಬೀಳುವಾಗ ರಾಣಿ ಮೊಟ್ಟೆ ನಿಲ್ಲಿಸುವುದರಿಂದ.

ನಮ್ಮಲ್ಲಿ ಹಿಮ ಇಲ್ಲ. ನಮ್ಮ ಜೇನಿಗೆ ಚಳಿಗಾಲ ಅಂದರೆ ಜುಲೈ. ಜಡಿಮಳೆಯಲ್ಲಿ ಹೂವಿಲ್ಲ, ಹೊರಗೆ ಹಾರುವಂತಿಲ್ಲ, ರಾಣಿ ಮೊಟ್ಟೆ ಇಳಿಸುತ್ತಾಳೆ. ಮೆಲ್ಲಿಫೆರಾಕ್ಕೆ ಆಗ, ಹೊಳವಾದ ಒಂದು ಮಧ್ಯಾಹ್ನ ಹುಡುಕಿ, ಒಮ್ಮೆ ಹನಿಸಬಹುದು. ಇಲ್ಲವೆ ರಾಣಿಯನ್ನು 24 ದಿನ ಪಂಜರದಲ್ಲಿಟ್ಟು, ಕೊನೆಯ ಮರಿ ಹೊರಬಂದ ಮೇಲೆ ಹನಿಸಿ. ಈ ಜೋಡಿ ನನ್ನ ಪ್ರಕಾರ ಕರಾವಳಿಯ ಮೆಲ್ಲಿಫೆರಾಕ್ಕೆ ಎಲ್ಲಕ್ಕಿಂತ ಹೊಂದುತ್ತದೆ, ಸೆಕೆಯ ತಾಪತ್ರಯ ಇಲ್ಲ. ಪದೇ ಪದೇ ಹನಿಸಿದರೆ ನೊಣದ ಹೊಟ್ಟೆ ಕೆಡುತ್ತದೆ. ಹರಳಿನ ಧೂಳು ಮೂಗಿಗೆ, ಕಣ್ಣಿಗೆ ಹೋಗದಂತೆ ನೋಡಿಕೊಳ್ಳಿ.

ಉಳಿದವು

ಬೇವಿನೆಣ್ಣೆ ನುಸಿ ಕೊಲ್ಲುತ್ತದೆ ನಿಜ, ಜೊತೆಗೆ ಮರಿಯನ್ನೂ ಕೆಡಿಸುತ್ತದೆ, ರಾಣಿ ಹೋಗುವುದೂ ಉಂಟು. ಬೆಳ್ಳುಳ್ಳಿ, ಅರಿಶಿನಕ್ಕೆ ಇಷ್ಟು ಅಂತ ನಂಬುವ ಪ್ರಮಾಣ ಇಲ್ಲ. ತಂಬಾಕಿನ ಹೊಗೆ ಹಾಕಿದರೆ ನುಸಿ ಬೀಳುತ್ತದೆ, ನೊಣವೂ ಬೀಳುತ್ತದೆ. ಕರ್ಪೂರ, ಬಟ್ಟೆಯ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆ ಜೇನಿನ ಹತ್ತಿರ ಬರಬಾರದು. ಮಜ್ಜಿಗೆ ಹುಲ್ಲಿನ ಎಣ್ಣೆಯ ವಾಸನೆ ನೊಣಗಳು ಒಂದನ್ನೊಂದು ಕರೆಯುವ ವಾಸನೆಗೆ ಹತ್ತಿರ. ಹಾರುವ ಕುಟುಂಬ ಹಿಡಿಯಲು ಖಾಲಿ ಪೆಟ್ಟಿಗೆಗೆ ಸವರಿ, ನುಸಿಗೆ ಅಂತ ತುಂಬಿದ ಪೆಟ್ಟಿಗೆಗೆ ಸವರಿದರೆ ಜೇನು ಕದಿಯಲು ಬರುವ ಪಕ್ಕದ ಪೆಟ್ಟಿಗೆಯ ನೊಣಗಳಿಗೆ ಆಮಂತ್ರಣ ಕೊಟ್ಟಂತೆ.

ನಿಮಗೆ ಯಾವುದು

ಹಿತ್ತಿಲಲ್ಲಿ ಎರಡೋ ನಾಲ್ಕೋ ತುಡುವೆ ಇಟ್ಟವರು ಒಂದು ಚಾಕು, ಒಂದು ಹೇರ್‌ಪಿನ್ ಇಟ್ಟುಕೊಳ್ಳಿ. ಅಡಿಮಣೆ ವಾರಕ್ಕೊಮ್ಮೆ ಗುಡಿಸಿ, ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಡಿ. ಹೊಟ್ಟೆ ತುಂಬಿದ ತುಡುವೆ ನುಸಿಯನ್ನು ತಾನೇ ನೋಡಿಕೊಳ್ಳುತ್ತದೆ. ಹೆಚ್ಚು ಪೆಟ್ಟಿಗೆ ಇದ್ದು ಕುಟುಂಬ ಮಾರುವವರಿಗೆ ಪಾಲು ಮಾಡುವುದೇ ಮದ್ದೂ ಹೌದು, ಆದಾಯವೂ ಹೌದು.

ಘಟ್ಟದ ಮೇಲೆ ಮೆಲ್ಲಿಫೆರಾ ಇದ್ದರೆ ಜೇನು ತೆಗೆದ ಮೇಲೆ, ಜೂನ್‌ನ ಮಳೆ ನೆಲ ತಣಿಸಿದ ಮೇಲೆ ಫಾರ್ಮಿಕ್ ಇಲ್ಲವೆ ಥೈಮಾಲ್. ಎರಡು ವಾರದಲ್ಲಿ ಮುಗಿಯಬೇಕು, ದಿನಾ ಹೋಗಲು ಆಗುತ್ತದೆ, ಕೈ ಗಟ್ಟಿ ಅಂದರೆ ಫಾರ್ಮಿಕ್. ದುಡ್ಡು ಹೋದರೂ ತಲೆನೋವು ಬೇಡ ಅಂದರೆ ಥೈಮಾಲ್. ಯಾವುದೇ ಆದರೂ ಮೊದಲು ಪಾಕ ಕೊಟ್ಟು ಕುಟುಂಬ ಗಟ್ಟಿ ಮಾಡಿ, ಆಮೇಲೆ ಮದ್ದು. ಹಸಿದ ಹೊಟ್ಟೆಗೆ ಆಸಿಡ್ ಬೇಡ. ಕರಾವಳಿಯಲ್ಲಾದರೆ ಪಂಜರ ಮತ್ತು ಆಕ್ಸಾಲಿಕ್. ಪಂಜರದ ಕೆಲಸ ಬಾರದಿದ್ದರೆ ಆಗಸ್ಟ್ ಕೊನೆಗೆ, ಮಳೆ ಸ್ವಲ್ಪ ಬಿಟ್ಟಾಗ, ಥೈಮಾಲ್. ಹೆಜ್ಜೇನಿನ ಮರ ಹತ್ತಿರವಿದ್ದು ಓಡುನುಸಿ ಕಾಣಿಸಿದರೆ ಬೇರೆಲ್ಲಕ್ಕಿಂತ ಮೊದಲು ಪಾಲೋ ಪಂಜರವೋ ಮಾಡಿ ಮರಿ ನಿಲ್ಲಿಸಿ. ಮದ್ದು ಮುಗಿಸಿ ಎರಡು ವಾರ ಬಿಟ್ಟು ಬಾಟಲಿ ಕುಲುಕಿ ಮತ್ತೆ ಎಣಿಸಿ, ಮೊದಲಿನ ಲೆಕ್ಕದ ಪಕ್ಕ ಬರೆದಿಡಿ. ನಮ್ಮ ಲೆಕ್ಕ ಪೆಟ್ಟಿಗೆ ಮುಚ್ಚಳದ ಒಳಮೈಯಲ್ಲೇ ಪೆನ್ಸಿಲ್‌ನಲ್ಲಿದೆ.

ಹೊಸದಾಗಿ ಕುಟುಂಬ ಕೊಳ್ಳುವವರು ದುಡ್ಡು ಕೊಡುವ ಮುಂಚೆ ಮಾರುವವರ ಎದುರಿಗೇ ನಾಲ್ಕು ಗಂಡು ಕೋಶ ಬಿಚ್ಚಿಸಿ ನೋಡಿ. ಮೆಲ್ಲಿಫೆರಾ ಆದರೆ ಬಾಟಲಿ, ಸಕ್ಕರೆ ಪುಡಿ ಜೊತೆಗೇ ಒಯ್ಯಿರಿ. "ಏ, ನಮ್ಮಲ್ಲಿ ನುಸಿಯೇ ಇಲ್ಲ" ಅಂದವರ ಪೆಟ್ಟಿಗೆಯಲ್ಲೇ ಭಾವನಿಗೆ 300ಕ್ಕೆ 22 ಸಿಕ್ಕಿದ್ದು.